ಸಾರ್ಕ್ ಮುಗಿದ ಅಧ್ಯಾಯವೇ? ದಕ್ಷಿಣ ಏಷ್ಯಾದಲ್ಲಿ ದೊಡ್ಡ ದೇಶದ ನಾಯಕತ್ವ ಎಂದರೆ ಏನು?

ಪ್ರಶ್ನೆ: ಮಂಡ್ಯದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ.

ನಾನು ಮಂಡ್ಯದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಪ್ರಾದೇಶಿಕ ಸಂಘಟನೆಗಳ ಪಾಠಕ್ಕೆ ಬಂದಾಗಲೆಲ್ಲ ಸಾರ್ಕ್ (ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘ) ಕುರಿತು ಏನು ಹೇಳಬೇಕೆಂಬುದೇ ಕಷ್ಟವಾಗುತ್ತಿದೆ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಏಳು ದೇಶಗಳು ಕೂಡಿ ಕಟ್ಟಿದ ಸಂಘಟನೆ ಅದು. ಮರುವರ್ಷದ ನವೆಂಬರ್‌ನಲ್ಲಿ ಅದರ ಎರಡನೆಯ ಶೃಂಗಸಭೆ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. 2007ರಲ್ಲಿ ಅಫ್ಗಾನಿಸ್ತಾನವೂ ಸೇರಿ ಸದಸ್ಯ ದೇಶಗಳು ಎಂಟಾದವು. ಆದರೆ ಕೊನೆಯ ಶೃಂಗಸಭೆ ನಡೆದದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದ್‌ನಲ್ಲಿ ಸೇರಬೇಕಿದ್ದ ಸಭೆ ಉರಿ ದಾಳಿಯ ನಂತರ ನಿಂತುಹೋಯಿತು. ಸಭೆಯೇ ಸೇರದ ಸಂಘದ ಬಗ್ಗೆ ಪರೀಕ್ಷೆಗಲ್ಲದೆ ಬೇರೆ ಯಾವುದಕ್ಕೆ ಓದಬೇಕು ಎಂದು ವಿದ್ಯಾರ್ಥಿಯೊಬ್ಬ ಈಚೆಗೆ ಕೇಳಿದ. ಅವನು ಉಡಾಫೆಯಿಂದ ಕೇಳಿದ್ದಲ್ಲ, ಆದ್ದರಿಂದ ನಾನೂ ತೇಲಿಸಿ ಉತ್ತರ ಕೊಡಲು ಬಯಸುವುದಿಲ್ಲ.

ಹೊರಗಿನ ಜಗತ್ತು ಸ್ಥಿರವಾಗಿದ್ದಿದ್ದರೆ ಈ ಪ್ರಶ್ನೆಯನ್ನು ಪಠ್ಯದ ಮಟ್ಟದಲ್ಲಿಯೇ ಬಿಟ್ಟುಬಿಡಬಹುದಿತ್ತು. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಬಹುಪಾಲು ಸರಕುಗಳ ಮೇಲೆ ಒಟ್ಟು ಶೇ 50ರಷ್ಟು ಸುಂಕ ಹೇರಿತು. ಶ್ರೀಲಂಕಾದ ಹಂಬನ್‌ತೋಟ ಬಂದರು 2017ರಿಂದ 99 ವರ್ಷಗಳ ಗುತ್ತಿಗೆಯ ಮೇಲೆ ಚೀನಾದ ಕಂಪನಿಯ ಕೈಯಲ್ಲಿದೆ. ವಿಶ್ವಸಂಸ್ಥೆಯಾಗಲಿ ವಿಶ್ವ ವ್ಯಾಪಾರ ಸಂಸ್ಥೆಯಾಗಲಿ ನ್ಯಾಯ ಹೇಳಿ ಜಾರಿಗೊಳಿಸುವ ಸ್ಥಿತಿಯಲ್ಲಿಲ್ಲ. ಇಂಥ ಹೊತ್ತಿನಲ್ಲಿ ನೆರೆಹೊರೆಯವರ ಜೊತೆಗಿನ ಸಂಬಂಧಕ್ಕೆ ಮೊದಲಿಗಿಂತ ಹೆಚ್ಚಿನ ತೂಕ ಬರಬೇಕು. ಆದರೂ ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರರ ನಡುವಿನ ವ್ಯಾಪಾರದ ಪಾಲು ಶೇ 5ರ ಆಸುಪಾಸಿನಲ್ಲಿಯೇ ನಿಂತಿದೆ.

ಈ ಪ್ರದೇಶದ ಜನಸಂಖ್ಯೆಯಲ್ಲಿ ಸುಮಾರು ಮುಕ್ಕಾಲು ಪಾಲು ಭಾರತದ್ದು. ನೇಪಾಳ, ಭೂತಾನ್, ಬಾಂಗ್ಲಾದೇಶಗಳಿಗೆ ನಮ್ಮ ಜೊತೆ ಗಡಿಯಿದೆಯೇ ಹೊರತು ಅವುಗಳ ನಡುವೆ ಪರಸ್ಪರ ಗಡಿಯಿಲ್ಲ. ಇಷ್ಟು ದೊಡ್ಡ ದೇಶ ತನ್ನ ನೆರೆಯಲ್ಲಿ ನಾಯಕತ್ವ ವಹಿಸುವುದೆಂದರೆ ಏನು ಮಾಡುವುದು? ಭದ್ರತೆಯ ಜಗಳ ಬಗೆಹರಿಯದಿರುವಾಗಲೂ ಸಹಕಾರವನ್ನು ಉಳಿಸಿಕೊಳ್ಳಲು ಸಾಧ್ಯವೇ, ಅಥವಾ ಅದು ಪಠ್ಯಪುಸ್ತಕದ ಆಶಯ ಮಾತ್ರವೇ? ಅನುಭವವುಳ್ಳವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.


ಉತ್ತರ: ನಿವೃತ್ತ ಸೈನಿಕ, ವಿಜಯನಗರ, ಮೈಸೂರು

ಮೇಡಂ, ನಮಸ್ಕಾರ. ನಿಮ್ಮ ವಿದ್ಯಾರ್ಥಿಯ ಪ್ರಶ್ನೆಯಲ್ಲಿ ಹುರುಳಿದೆ. ಸಾರ್ಕ್ ಸನ್ನದಿನ ಹತ್ತನೆಯ ವಿಧಿಯ ಪ್ರಕಾರ ಪ್ರತಿಯೊಂದು ತೀರ್ಮಾನಕ್ಕೂ ಸರ್ವಾನುಮತ ಬೇಕು. ಎರಡು ದೇಶಗಳ ನಡುವಿನ ವಿವಾದಗಳನ್ನು ಅಲ್ಲಿ ಚರ್ಚೆಗೇ ಎತ್ತುವಂತಿಲ್ಲ. ಜಗಳವನ್ನು ಹೊರಗಿಟ್ಟರೆ ಉಳಿದ ಕೆಲಸ ಸುಗಮವಾಗುತ್ತದೆ ಎಂಬುದು ಸ್ಥಾಪಕರ ಎಣಿಕೆಯಾಗಿತ್ತು. ನಡೆದದ್ದು ಬೇರೆ. 2014ರ ಕಠ್ಮಂಡು ಸಭೆಯಲ್ಲಿ ಗಡಿ ದಾಟಿ ವಾಹನ ಸಂಚಾರಕ್ಕೆ ಅವಕಾಶ ಕೊಡುವ ಒಪ್ಪಂದ ಸಿದ್ಧವಾಗಿದ್ದರೂ ಪಾಕಿಸ್ತಾನ ಒಪ್ಪದ ಕಾರಣ ಅದು ಅಲ್ಲಿಯೇ ಉಳಿಯಿತು. ಸರ್ವಾನುಮತ ಎಂದರೆ ಒಬ್ಬರ ಕೈಯಲ್ಲಿ ಎಲ್ಲರ ಬೀಗ ಎಂಬುದು ಅಲ್ಲಿ ಸ್ಪಷ್ಟವಾಯಿತು. ಮುಂದಿನ ವರ್ಷ ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ನಾಲ್ಕೇ ದೇಶಗಳು ಥಿಂಪುವಿನಲ್ಲಿ ತಮ್ಮ ತಮ್ಮಲ್ಲಿ ಅಂಥದೇ ಒಪ್ಪಂದಕ್ಕೆ ಸಹಿ ಹಾಕಿದವು. ಅದರಲ್ಲಿಯೂ ಭೂತಾನಿನ ಸಂಸತ್ತಿನ ಮೇಲ್ಮನೆ ಅನುಮೋದನೆ ನೀಡಲಿಲ್ಲ ಎಂಬುದನ್ನು ಮರೆಯಬಾರದು; ತಮ್ಮ ಸಣ್ಣ ದೇಶದ ರಸ್ತೆಗಳು ಹೊರಗಿನ ಲಾರಿಗಳಿಂದ ತುಂಬಿಹೋಗುತ್ತವೆ ಎಂಬ ಅವರ ಆತಂಕ ಅಸಹಜವಾದದ್ದಲ್ಲ.

ಭದ್ರತೆಯ ಪ್ರಶ್ನೆಯನ್ನು ಬದಿಗಿಟ್ಟು ಸಹಕಾರ ಬೆಳೆಸಬಹುದು ಎಂಬ ವಾದವನ್ನು ನಾನು ಪೂರ್ತಿ ಒಪ್ಪಲಾರೆ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಅದರ ಮರುದಿನವೇ ಭಾರತ ಪಾಕಿಸ್ತಾನದ ಜೊತೆಗಿನ 1960ರ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಮೂರು ಯುದ್ಧಗಳನ್ನು ದಾಟಿ ಬಂದಿದ್ದ ಒಪ್ಪಂದ ಅದು. ಯುದ್ಧಗಳಿಂದ ಆಗದ್ದು ಭಯೋತ್ಪಾದನೆಯಿಂದ ಆಯಿತು ಎಂದರೆ ಪಾಕಿಸ್ತಾನದ ಆಳುವವರು ಯಾವ ಬೆಲೆಗೆ ಯಾವುದನ್ನು ಕಳೆದುಕೊಂಡರು ಎಂಬುದನ್ನು ಅವರೇ ಯೋಚಿಸಬೇಕು. ಇಂಥ ಸ್ಥಿತಿಯಲ್ಲಿ ಇಸ್ಲಾಮಾಬಾದ್‌ಗೆ ಹೋಗಿ ಗುಂಪು ಫೋಟೊ ತೆಗೆಸಿಕೊಳ್ಳುವುದು ಸಾಧ್ಯವಿಲ್ಲ. ಆದ್ದರಿಂದ ಬಂಗಾಳ ಕೊಲ್ಲಿಯ ಸುತ್ತಲಿನ ಏಳು ದೇಶಗಳ ಬಿಮ್‌ಸ್ಟೆಕ್ ಕಡೆಗೂ, ಹಿಂದೂ ಮಹಾಸಾಗರದ ಭದ್ರತೆಗಾಗಿ ರೂಪುಗೊಂಡ ಕೊಲಂಬೊ ಭದ್ರತಾ ಕೂಟದ ಕಡೆಗೂ ಭಾರತ ವಾಲಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ನಾಯಕತ್ವದ ಪ್ರಶ್ನೆಗೆ ಮಾತ್ರ ಸೈನಿಕನಾಗಿ ಒಂದು ಮಾತು ಸೇರಿಸುತ್ತೇನೆ. 1987ರಲ್ಲಿ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಒಪ್ಪಂದದಂತೆಯೇ ಹೋದದ್ದು, ಒಳ್ಳೆಯ ಉದ್ದೇಶದಿಂದಲೇ ಹೋದದ್ದು. ಆದರೆ ತಮಿಳರೂ ಸಿಂಹಳೀಯರೂ ಇಬ್ಬರೂ ನಮ್ಮನ್ನು ಹೊರಗಿನವರೆಂದೇ ಕಾಣುವಂತಾಯಿತು. ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಮರಳಿದೆವು. ಅದೇ ಅವಧಿಯಲ್ಲಿ, 1988ರ ನವೆಂಬರ್ 3ರಂದು, ಬಾಡಿಗೆ ಬಂಡುಕೋರರು ಮಾಲ್ಡೀವ್ಸ್ ಸರ್ಕಾರವನ್ನು ಕಿತ್ತೆಸೆಯಲು ಹೊರಟಾಗ ಅಲ್ಲಿನ ಅಧ್ಯಕ್ಷರು ನೆರವು ಕೇಳಿದರು. ಆ ರಾತ್ರಿಯೇ ಆಗ್ರಾದಿಂದ ಹೊರಟ ನಮ್ಮ ಪ್ಯಾರಾ ಪಡೆ ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿದು ಕೆಲಸ ಮುಗಿಸಿತು. ಅಲ್ಲಿ ಠಾಣೆ ಹೂಡಿ ಕೂರಲಿಲ್ಲ. ಆ ನೆರವಿನ ನೆನಪು ಬಹುಕಾಲ ಉಳಿಯಿತು.

ಈಚಿನ ಪ್ರಸಂಗವೂ ಇದಕ್ಕೆ ಹೊಂದುತ್ತದೆ. ಭಾರತೀಯ ಸೈನಿಕರು ಹೊರಹೋಗಬೇಕು ಎಂಬ ಘೋಷಣೆಯ ಮೇಲೆ 2023ರಲ್ಲಿ ಮಾಲ್ಡೀವ್ಸ್‌ನ ಅಧ್ಯಕ್ಷರಾದ ಮೊಹಮ್ಮದ್ ಮುಯಿಜು ಅವರ ಜೊತೆ ದೆಹಲಿ ಹಟಕ್ಕೆ ಬೀಳಲಿಲ್ಲ. 2024ರ ಮೇ ಹೊತ್ತಿಗೆ ಸೈನಿಕರನ್ನು ಹಿಂದಕ್ಕೆ ಕರೆಸಿ, ಹೆಲಿಕಾಪ್ಟರ್ ಮತ್ತು ವಿಮಾನಗಳ ನಿರ್ವಹಣೆಗೆ ನಾಗರಿಕ ತಂತ್ರಜ್ಞರನ್ನು ಕಳುಹಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಯಿಜು ದೆಹಲಿಗೆ ಬಂದು ಆರ್ಥಿಕ ನೆರವಿನ ಏರ್ಪಾಡಿಗೆ ಸಹಿ ಹಾಕಿದರು. ನಮ್ಮ ಟಿವಿ ಚರ್ಚೆಗಳ ಮಾತು ಕೇಳಿ ನಡೆದಿದ್ದರೆ ಆ ಬಾಂಧವ್ಯ ಅಲ್ಲಿಗೇ ಮುರಿದುಬೀಳುತ್ತಿತ್ತು.


ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್, ಮದ್ದೂರು

ಮೇಡಂ ಅವರಿಗೂ ಸೈನಿಕ ಯಜಮಾನರಿಗೂ ವಂದನೆಗಳು. ನಾನು ವಿದೇಶಾಂಗ ನೀತಿ ಬಲ್ಲವನಲ್ಲ, ನಾಲೆಯ ಕೆಲಸ ಮಾಡಿದವನು. ಆದರೆ ಮಂಡ್ಯ ಜಿಲ್ಲೆಯ ವಿದ್ಯಾರ್ಥಿಗಳಿಗೆ ಪ್ರಾದೇಶಿಕ ಸಹಕಾರವನ್ನು ವಿವರಿಸಲು ಢಾಕಾ, ಕಠ್ಮಂಡುಗಳಿಂದ ಶುರುಮಾಡುವ ಅಗತ್ಯವಿಲ್ಲ ಎಂಬುದು ನನ್ನ ಅನಿಸಿಕೆ. ಮೇಲಿನ ಪಾತ್ರದವರೂ ಕೆಳಗಿನ ಪಾತ್ರದವರೂ ಒಂದು ಒಪ್ಪಂದದ ಕೆಳಗೆ ಬದುಕುವುದು ಎಷ್ಟು ಕಷ್ಟ ಎಂಬುದನ್ನು ಆ ಮಕ್ಕಳು ಮನೆಯಲ್ಲಿಯೇ ಕಂಡಿದ್ದಾರೆ.

ಮೈಸೂರು ಮತ್ತು ಮದರಾಸುಗಳ ನಡುವಿನ 1924ರ ಕಾವೇರಿ ಒಪ್ಪಂದದ ಅಡಿಯಲ್ಲಿ ಕೃಷ್ಣರಾಜಸಾಗರ ಎದ್ದಿತು. ಐವತ್ತು ವರ್ಷಗಳ ನಂತರ ಅದರ ಮರುಪರಿಶೀಲನೆ ಆಗಬೇಕಿತ್ತು. 1974 ಬಂದು ಹೋದರೂ ಇಬ್ಬರಿಗೂ ಒಪ್ಪಿಗೆಯಾದ ಹೊಸ ಒಪ್ಪಂದ ಆಗಲಿಲ್ಲ. 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು, 2007ರಲ್ಲಿ ಅದರ ಅಂತಿಮ ತೀರ್ಪು ಬಂತು, 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ನಮ್ಮ ಪಾಲಿಗೆ 14.75 ಟಿಎಂಸಿ ಅಡಿ ಸೇರಿಸಿ 284.75 ಟಿಎಂಸಿ ಅಡಿಗೆ ಏರಿಸಿತು. ಒಳ್ಳೆಯ ಮಳೆಯಾದ ವರ್ಷ ಈ ಅಂಕಿಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಂಕಷ್ಟದ ವರ್ಷ ಬಂದಾಗ ತೊಂದರೆ. ನೀರು ಕಡಿಮೆಯಾದರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಬೇಕು ಎಂದು ತೀರ್ಪಿನಲ್ಲಿದೆ; ಆದರೆ ಮಳೆಗಾಲದ ನಡುವೆ, ಆಗಸ್ಟ್ ತಿಂಗಳಲ್ಲಿ ನಿಂತು ಸಂಕಷ್ಟವನ್ನು ಅಳೆಯುವುದು ಹೇಗೆ ಎಂಬ ಸೂತ್ರಕ್ಕೆ ಎರಡೂ ರಾಜ್ಯಗಳ ಒಪ್ಪಿಗೆ ಇನ್ನೂ ದೊರೆತಿಲ್ಲ. ಆದ್ದರಿಂದಲೇ 2023ರ ಸೆಪ್ಟೆಂಬರ್‌ನಲ್ಲಿ 5,000 ಕ್ಯುಸೆಕ್ ಬಿಡಬೇಕೆಂಬ ಆದೇಶ ಬಂದಾಗ ಮಂಡ್ಯ ಬಂದ್ ಆಯಿತು, ಬೆಂಗಳೂರು ಬಂದ್ ಆಯಿತು, ಕೊನೆಗೆ ಕರ್ನಾಟಕ ಬಂದ್ ಆಯಿತು.

ಈಗ ಗಂಗೆಯ ಕಡೆಗೆ ಬನ್ನಿ. ಫರಕ್ಕಾ ಬ್ಯಾರೇಜ್ 1975ರಲ್ಲಿ ಕಾರ್ಯಾರಂಭ ಮಾಡಿತು. ಹೂಗ್ಲಿ ನದಿಯ ಹೂಳನ್ನು ಕೊಚ್ಚಿ ಕೋಲ್ಕತ್ತ ಬಂದರನ್ನು ಉಳಿಸಲು ಅಲ್ಲಿಂದ 40,000 ಕ್ಯುಸೆಕ್ ನೀರನ್ನು ತಿರುಗಿಸುವುದು ಅದರ ಉದ್ದೇಶ. ಬೇಸಿಗೆಯಲ್ಲಿ ಕೆಳಗಿನ ಬಾಂಗ್ಲಾದೇಶಕ್ಕೆ ಅದೇ ದೊಡ್ಡ ಪೆಟ್ಟು. ಬಹುಕಾಲ ಎಳೆದಾಡಿದ ಈ ವಿವಾದದ ಕುರಿತ ಗಂಗಾ ಒಪ್ಪಂದಕ್ಕೆ 1996ರ ಡಿಸೆಂಬರ್ 12ರಂದು ಸಹಿ ಬಿದ್ದಾಗ ಭಾರತದ ಪ್ರಧಾನಿಯಾಗಿದ್ದವರು ನಮ್ಮ ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು, ಆ ಕಡೆ ಶೇಖ್ ಹಸೀನಾ. ಕಾವೇರಿಯ ವಿಷಯದಲ್ಲಿ ಮೇಲಿನ ರಾಜ್ಯದ ಪರವಾಗಿ ಜೀವಮಾನವಿಡೀ ವಾದಿಸಿದ ಮನುಷ್ಯ, ಮೇಲಿನ ದೇಶದ ಪ್ರಧಾನಿಯಾಗಿ ಕುಳಿತು ಕೆಳಗಿನ ದೇಶಕ್ಕೆ ಪಾಲು ಬರೆದುಕೊಟ್ಟರು. ಇದನ್ನು ನಮ್ಮ ಜಿಲ್ಲೆಗಳಲ್ಲಿ ಯಾರೂ ಸರಿಯಾಗಿ ಗಮನಿಸಿಲ್ಲ ಎಂಬ ಬೇಸರ ನನಗಿದೆ. ಅಂದಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರೂ ಆ ಮಾತುಕತೆಯಲ್ಲಿ ಕೈಜೋಡಿಸಿದ್ದರು. ರಾಜ್ಯ ಒಪ್ಪಿದ್ದರಿಂದಲೇ ದೇಶ ಒಪ್ಪಲು ಸಾಧ್ಯವಾಯಿತು. 2011ರಲ್ಲಿ ಬಾಂಗ್ಲಾದೇಶದ ಜೊತೆಗಿನ ತೀಸ್ತಾ ನದಿ ನೀರಿನ ಒಪ್ಪಂದ ಕೊನೆಯ ಗಳಿಗೆಯಲ್ಲಿ ಬಿದ್ದುಹೋದದ್ದು ಅದೇ ರಾಜ್ಯದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಅವರು ಒಪ್ಪದ ಕಾರಣಕ್ಕೆ.

ಗಂಗಾ ಒಪ್ಪಂದದ ಲೆಕ್ಕ ಜನವರಿಯಿಂದ ಮೇ ಕೊನೆಯವರೆಗೆ ಹತ್ತು ಹತ್ತು ದಿನಗಳ ಕಂತುಗಳಲ್ಲಿ ನಡೆಯುತ್ತದೆ. ಫರಕ್ಕಾದಲ್ಲಿ ಹರಿವು 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಬ್ಬರಿಗೂ ಅರ್ಧರ್ಧ. 70,000ದಿಂದ 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಮಿಕ್ಕಿದ್ದು ನಮಗೆ. ಅದಕ್ಕೂ ಮೀರಿದರೆ ನಮಗೆ 40,000, ಮಿಕ್ಕಿದ್ದು ಅವರಿಗೆ. ಮಾರ್ಚ್ 11ರಿಂದ ಮೇ 10ರವರೆಗಿನ ಬಿರುಬೇಸಿಗೆಯಲ್ಲಿ ಒಂದು ಕಂತು ಬಿಟ್ಟು ಒಂದು ಕಂತಿನಂತೆ ಇಬ್ಬರಿಗೂ 35,000 ಕ್ಯುಸೆಕ್ ಖಾತ್ರಿ. ಎರಡೂ ದೇಶಗಳ ಎಂಜಿನಿಯರುಗಳ ಜಂಟಿ ಸಮಿತಿ ಫರಕ್ಕಾದಲ್ಲಿಯೂ ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯಲ್ಲಿಯೂ ಹರಿವನ್ನು ಅಳೆದು ದಾಖಲಿಸುತ್ತದೆ. ಇಷ್ಟೆಲ್ಲ ಬರೆದವರು ಒಂದು ಕಡೆ ಮಾತ್ರ ಕೈ ತಡೆದರು: ಹರಿವು 50,000 ಕ್ಯುಸೆಕ್‌ಗಿಂತ ಕೆಳಗಿಳಿದರೆ ಎರಡೂ ಸರ್ಕಾರಗಳು ಕೂಡಲೇ ಸಮಾಲೋಚಿಸತಕ್ಕದ್ದು ಎಂದಷ್ಟೇ ಇದೆ. ಸಂಕಷ್ಟದ ಸೂತ್ರ ಅಲ್ಲಿಯೂ ಇಲ್ಲ. ಒಪ್ಪಂದದ ಅವಧಿ ಮೂವತ್ತು ವರ್ಷ, ಅಂದರೆ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಸಹಿ ಹಾಕಿದ ಹಸೀನಾ ಅವರೇ 2024ರ ಆಗಸ್ಟ್‌ನಲ್ಲಿ ಅಧಿಕಾರ ಕಳೆದುಕೊಂಡು ದೇಶ ಬಿಟ್ಟಿದ್ದಾರೆ.

ನಾಲೆಯಲ್ಲಿ ನೀರು ಕಡಿಮೆಯಾದಾಗ ನಾವು ಕಟ್ಟು ಪದ್ಧತಿ ಜಾರಿಗೆ ತರುತ್ತಿದ್ದೆವು. ಇಂತಿಷ್ಟು ದಿನ ಈ ವಿತರಣಾ ನಾಲೆಗೆ, ಆಮೇಲೆ ಇಂತಿಷ್ಟು ದಿನ ಆ ನಾಲೆಗೆ ಎಂಬ ಸರದಿ ಅದು. ಕೊನೆಭಾಗದ ರೈತ ಕಡಿಮೆ ನೀರಿಗೂ ಒಪ್ಪುತ್ತಿದ್ದ. ಆದರೆ ತನ್ನ ಸರದಿಯ ದಿನ ತೂಬು ಎತ್ತಿದೆಯೇ ಇಲ್ಲವೇ, ಅಳತೆಪಟ್ಟಿಯಲ್ಲಿ ಎಷ್ಟಿದೆ, ನೀರುಗಂಟಿ ಏನು ಬರೆದುಕೊಂಡಿದ್ದಾನೆ ಎಂಬುದು ಅವನ ಕಣ್ಣಿಗೆ ಕಾಣಬೇಕಿತ್ತು. ಪುಸ್ತಕ ತೋರಿಸದ ದಿನ ಗಲಾಟೆಯಾಗುತ್ತಿತ್ತು. ದೇಶಗಳ ನಡುವೆಯೂ ಅಂಕಿಅಂಶ ಮುಚ್ಚಿಡುವವನ ಮೇಲೆಯೇ ಅನುಮಾನ ಹುಟ್ಟುವುದು.

ಭಾರತಕ್ಕೆ ಇದು ಉಪಕಾರದ ಪ್ರಶ್ನೆಯೂ ಅಲ್ಲ. ಗಂಗೆಯಲ್ಲಿ ನಾವು ಬಾಂಗ್ಲಾದೇಶಕ್ಕಿಂತ ಮೇಲಿದ್ದೇವೆ, ಬ್ರಹ್ಮಪುತ್ರದಲ್ಲಿ ಚೀನಾಕ್ಕಿಂತ ಕೆಳಗಿದ್ದೇವೆ. ಆ ನದಿ ಅರುಣಾಚಲಕ್ಕೆ ಇಳಿಯುವ ಮುನ್ನ ತಿರುವು ತೆಗೆದುಕೊಳ್ಳುವ ಮೆಡೊಗ್ ಪ್ರದೇಶದಲ್ಲಿ 2025ರ ಜುಲೈನಲ್ಲಿ ಚೀನಾ ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಯೋಜನೆಯ ಕೆಲಸ ಆರಂಭಿಸಿದೆ. ಚೀನಾದ ಜೊತೆ ನಮಗೆ ನೀರು ಹಂಚಿಕೆಯ ಯಾವ ಒಪ್ಪಂದವೂ ಇಲ್ಲ. ಮೇಲಿನವರು ಮುಂಚಿತವಾಗಿ ತಿಳಿಸಬೇಕು, ಕೆಳಗಿನವರಿಗೆ ಹಾನಿ ಮಾಡಬಾರದು ಎಂದು ಬೀಜಿಂಗ್ ಮುಂದೆ ನಾವು ಹೇಳುವ ಮಾತಿಗೆ ಬಲ ಬರಬೇಕಾದರೆ ಅದೇ ನಿಯಮವನ್ನು ಫರಕ್ಕಾದಲ್ಲಿ ನಾವು ಪಾಲಿಸಿ ತೋರಿಸಬೇಕು. ಸಿಂಧೂ ಒಪ್ಪಂದ ಅಮಾನತಿನಲ್ಲಿದ್ದರೂ 2025ರ ಆಗಸ್ಟ್‌ನಲ್ಲಿ ತಾವಿ ನದಿಗೆ ಪ್ರವಾಹ ಬರಲಿದೆ ಎಂದು ಭಾರತ ತನ್ನ ಹೈಕಮಿಷನ್ ಮೂಲಕ ಪಾಕಿಸ್ತಾನಕ್ಕೆ ಮುನ್ನೆಚ್ಚರಿಕೆ ಕೊಟ್ಟಿತು. ಅಷ್ಟು ಮಾಡಿದ್ದು ನನಗೆ ಸಮಾಧಾನ ತಂದ ಸಂಗತಿ.


ಉತ್ತರ: ಅಗರಬತ್ತಿ ಘಟಕ, ಮೇಟಗಳ್ಳಿ, ಮೈಸೂರು

ಎಂಜಿನಿಯರ್ ಸರ್ ನೀರಿನ ಬಗ್ಗೆ ಬರೆದಷ್ಟು ವಿವರವಾಗಿ ವ್ಯಾಪಾರದ ಬಗ್ಗೆ ಬರೆಯಲು ನನ್ನಿಂದಾಗದು. ಆದರೂ ಇದರ ಬಿಸಿ ಸಣ್ಣ ಘಟಕಕ್ಕೆ ಹೇಗೆ ತಟ್ಟುತ್ತದೆ ಎಂಬುದನ್ನು ಹೇಳಬಯಸುತ್ತೇನೆ.

ಕೈಯಲ್ಲಿ ಹೊಸೆಯುವ ಬತ್ತಿಗೆ ಚೌಕ ಕಡ್ಡಿ ನಡೆಯುತ್ತದೆ. ಯಂತ್ರಕ್ಕೆ ದುಂಡು ಕಡ್ಡಿಯೇ ಬೇಕು, ಅದೂ ದಪ್ಪ ಒಂದೇ ಸಮನಾಗಿರಬೇಕು. ಒಂದು ಕಟ್ಟಿನಲ್ಲಿ ನಾಲ್ಕು ಕಡ್ಡಿ ಹೆಚ್ಚುಕಡಿಮೆ ಇದ್ದರೂ ಯಂತ್ರದ ಬಾಯಿಯಲ್ಲಿ ಸಿಕ್ಕಿಕೊಂಡು ಕೆಲಸ ನಿಲ್ಲುತ್ತದೆ. ಈ ದುಂಡು ಕಡ್ಡಿ ಬಹುಪಾಲು ವಿಯೆಟ್ನಾಂ ಮತ್ತು ಚೀನಾದಿಂದ ಬರುತ್ತಿತ್ತು. 2019ರ ಆಗಸ್ಟ್‌ನಲ್ಲಿ ಸರ್ಕಾರ ಅಗರಬತ್ತಿಯ ಆಮದನ್ನು ನಿರ್ಬಂಧಿಸಿತು, 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಮೇಲಿನ ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿತು. ಹೊರಗಿನ ಸಿದ್ಧ ಬತ್ತಿ ನಿಂತದ್ದು ನಮಗೆ ಅನುಕೂಲವಾಯಿತು, ಕಡ್ಡಿ ತುಟ್ಟಿಯಾದದ್ದು ಅನನುಕೂಲವಾಯಿತು. ನಮ್ಮಲ್ಲಿ ಬಿದಿರಿಲ್ಲವೇ ಎಂದು ಕೇಳಿದರೆ, ತ್ರಿಪುರಾದಲ್ಲಿ ಹೇರಳವಾಗಿದೆ. ಆದರೆ ಮೂರು ಕಡೆ ಬಾಂಗ್ಲಾದೇಶದಿಂದ ಸುತ್ತುವರಿದ ಆ ರಾಜ್ಯದ ಸರಕು ಸಿಲಿಗುರಿಯ ಕಿರಿದಾದ ನೆಲಪಟ್ಟಿಯನ್ನು ಬಳಸಿಕೊಂಡು ಬರಬೇಕು. ಚಟ್ಟೋಗ್ರಾಮ್ ಬಂದರು ತ್ರಿಪುರಾದ ಗಡಿಗೆ ಹತ್ತಿರದಲ್ಲಿಯೇ ಇದೆ. 2018ರಲ್ಲಿ ಆ ಬಂದರನ್ನು ಬಳಸುವ ಒಪ್ಪಂದವಾಯಿತು, 2021ರಲ್ಲಿ ಫೆನಿ ನದಿಗೆ ಮೈತ್ರಿ ಸೇತುವೆಯೂ ಬಂತು. ಅಲ್ಲಿಂದ ಹಡಗಿನಲ್ಲಿ ನೇರವಾಗಿ ಚೆನ್ನೈಗೋ ಮಂಗಳೂರಿಗೋ ಸರಕು ಬರುವಂತಾದರೆ ನಮ್ಮಂಥವರು ವಿಯೆಟ್ನಾಂ ಕಡೆ ನೋಡಬೇಕಾಗಿಯೇ ಇಲ್ಲ.

ಆದರೆ 2025ರಲ್ಲಿ ಏನಾಯಿತು ನೋಡಿ. ಏಪ್ರಿಲ್‌ನಲ್ಲಿ ನಮ್ಮ ಬಂದರು, ವಿಮಾನ ನಿಲ್ದಾಣಗಳ ಮೂಲಕ ಬಾಂಗ್ಲಾದೇಶ ತನ್ನ ಸರಕನ್ನು ಬೇರೆ ದೇಶಗಳಿಗೆ ಕಳುಹಿಸುವ ಸೌಲಭ್ಯವನ್ನು ಭಾರತ ಹಿಂತೆಗೆದುಕೊಂಡಿತು. ಅವರು ಭೂಮಾರ್ಗದಲ್ಲಿ ನಮ್ಮ ನೂಲು ತರಿಸುವುದನ್ನು ನಿಲ್ಲಿಸಿದರು. ಮೇ ತಿಂಗಳಲ್ಲಿ ನಾವು ಅವರ ಸಿದ್ಧ ಉಡುಪು ಭೂಮಾರ್ಗದಲ್ಲಿ ಬರುವುದನ್ನು ನಿಲ್ಲಿಸಿದೆವು. ಯಾರು ಮೊದಲು ಶುರುಮಾಡಿದರು ಎಂಬ ಲೆಕ್ಕ ನನಗೆ ಬೇಡ. ಸರ್ಕಾರಗಳ ಮುನಿಸಿನ ನಡುವೆ ನಮ್ಮಂಥ ಸಣ್ಣ ಉದ್ಯಮದವರು ಮುಂದಿನ ವರ್ಷದ ಕಚ್ಚಾ ಮಾಲಿಗೆ ಯಾವ ದಾರಿಯನ್ನು ನಂಬಬೇಕು ಎಂಬುದಷ್ಟೇ ನನ್ನ ಚಿಂತೆ. ನೆರೆಯ ದಾರಿಗಿಂತ ದೂರದ ಹಡಗೇ ಹೆಚ್ಚು ನಂಬಿಕೆಗೆ ಅರ್ಹ ಎನಿಸಿದರೆ, ಯಾವ ಶೃಂಗಸಭೆ ನಡೆದರೂ ವ್ಯಾಪಾರ ಆ ಶೇ 5ರಿಂದ ಮೇಲೇಳುವುದಿಲ್ಲ.


ಉತ್ತರ: ನಿವೃತ್ತ ಪ್ರಾಧ್ಯಾಪಕ, ಕುವೆಂಪುನಗರ, ಮೈಸೂರು

ಮೂವರ ಬರಹವನ್ನೂ ಓದಿ ಸಂತೋಷವಾಯಿತು. ಸೈನಿಕ ಮಿತ್ರರು ಹೇಳಿದ ಭದ್ರತೆಯ ಮಾತನ್ನು ತಳ್ಳಿಹಾಕಲು ಸಾಧ್ಯವಿಲ್ಲ. ಆದರೆ ಜಗಳ ಪೂರ್ತಿ ಬಗೆಹರಿದ ಮೇಲೆ ಸಹಕಾರ ಎಂಬ ಕ್ರಮದಲ್ಲಿ ಜಗತ್ತಿನ ಯಾವ ಪ್ರಾದೇಶಿಕ ಸಂಘಟನೆಯೂ ಹುಟ್ಟಿಲ್ಲ. 1963ರಿಂದ 1966ರವರೆಗೆ ಇಂಡೊನೇಷ್ಯಾ ಮತ್ತು ಮಲೇಷ್ಯಾ ಸಶಸ್ತ್ರ ಸಂಘರ್ಷದಲ್ಲಿದ್ದವು; 1967ರ ಆಗಸ್ಟ್ 8ರಂದು ಆ ಎರಡೂ ದೇಶಗಳು ಇತರ ಮೂವರ ಜೊತೆ ಬ್ಯಾಂಕಾಕ್‌ನಲ್ಲಿ ಕುಳಿತು ಆಗ್ನೇಯ ಏಷ್ಯಾ ದೇಶಗಳ ಸಂಘವಾದ ಆಸಿಯಾನ್ ಕಟ್ಟಿದವು. ಅವರ ನಡುವಿನ ದ್ವೀಪಗಳ ವಿವಾದ ಆಮೇಲೂ ಉಳಿಯಿತು. 2002ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಸಿಪಡಾನ್ ಮತ್ತು ಲಿಗಿಟಾನ್ ಮಲೇಷ್ಯಾಕ್ಕೆ ಸೇರಿದವು ಎಂದಾಗ, ಎಲ್ಲರಿಗಿಂತ ದೊಡ್ಡದಾದ ಇಂಡೊನೇಷ್ಯಾ ಅದನ್ನು ಒಪ್ಪಿಕೊಂಡಿತು. ಆಸಿಯಾನನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. 2021ರ ಮ್ಯಾನ್ಮಾರ್ ಸೇನಾ ಕ್ಷಿಪ್ರಕ್ರಾಂತಿಯ ಮುಂದೆ ಅದು ಕೈಚೆಲ್ಲಿ ಕುಳಿತಿತು. 2025ರ ಜುಲೈನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗುಂಡಿನ ಕಾಳಗಕ್ಕೆ ಇಳಿದಾಗ ಮಲೇಷ್ಯಾದಲ್ಲಿ ಆದ ಕದನ ವಿರಾಮ ಆ ವರ್ಷದ ಕೊನೆಯವರೆಗೂ ಬಾಳಲಿಲ್ಲ.

ನಮ್ಮಲ್ಲಿಯೂ ಇಂಥ ಉದಾಹರಣೆಗಳಿವೆ, ಅವುಗಳನ್ನು ನಾವೇ ಮರೆತಿದ್ದೇವೆ. ಬಂಗಾಳ ಕೊಲ್ಲಿಯ ಸಮುದ್ರ ಗಡಿಯ ವಿವಾದದಲ್ಲಿ 2014ರ ಜುಲೈ 7ರಂದು ಹೇಗ್‌ನ ಪಂಚಾಯ್ತಿ ಮಂಡಳಿ ವಿವಾದಿತ 25,602 ಚದರ ಕಿಲೊಮೀಟರ್‌ಗಳ ಪೈಕಿ 19,467 ಚದರ ಕಿಲೊಮೀಟರ್ ಬಾಂಗ್ಲಾದೇಶಕ್ಕೆ ಸೇರಿದ್ದು ಎಂದಿತು. ಭಾರತ ತಕರಾರಿಲ್ಲದೆ ಒಪ್ಪಿತು. ಮರುವರ್ಷ ಸಂವಿಧಾನದ 100ನೆಯ ತಿದ್ದುಪಡಿಯ ಮೂಲಕ, 1974ರಿಂದ ನನೆಗುದಿಗೆ ಬಿದ್ದಿದ್ದ ಭೂಗಡಿ ಒಪ್ಪಂದ ಜಾರಿಗೆ ಬಂತು. ಅವರ ನೆಲದ ನಡುವೆ ಸಿಕ್ಕಿಕೊಂಡಿದ್ದ ನಮ್ಮ 111 ತುಂಡು ಪ್ರದೇಶಗಳು ಅವರಿಗೆ, ನಮ್ಮ ನೆಲದೊಳಗಿದ್ದ ಅವರ 51 ನಮಗೆ. ಲೆಕ್ಕ ಹಾಕಿದರೆ ಭೂಮಿ ಹೆಚ್ಚಾಗಿ ಹೋದದ್ದು ನಮ್ಮದೇ. ಯಾವ ದೇಶಕ್ಕೂ ಸರಿಯಾಗಿ ಸೇರದೆ, ಶಾಲೆ, ಪಡಿತರ, ಪೊಲೀಸ್ ಯಾವುದೂ ಇಲ್ಲದೆ ತಲೆಮಾರುಗಳ ಕಾಲ ಬದುಕಿದ ಸುಮಾರು 50,000 ಜನರಿಗೆ ಅಂದು ಪೌರತ್ವ ಸಿಕ್ಕಿತು. ಸಂಸತ್ತಿನಲ್ಲಿ ಒಂದೂ ವಿರೋಧ ಮತ ಬೀಳದೆ ಆ ಮಸೂದೆ ಅಂಗೀಕಾರವಾಯಿತು. ಮೇಡಂ, ದೊಡ್ಡ ದೇಶದ ನಾಯಕತ್ವ ಎಂದರೆ ಏನು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಬಲವಿದ್ದರೂ ತನ್ನನ್ನು ತಾನು ನಿಯಮಕ್ಕೆ ಕಟ್ಟಿಕೊಳ್ಳುವುದು. ಚಿಕ್ಕ ದೇಶಗಳು ನಮ್ಮ ಶಕ್ತಿಯನ್ನು ಚೆನ್ನಾಗಿಯೇ ಬಲ್ಲವು. ನಮ್ಮ ನಡೆಯನ್ನು ಮುಂಚಿತವಾಗಿ ಊಹಿಸಲಾಗದಿದ್ದಾಗ ಅವು ಬೀಜಿಂಗ್ ಕಡೆಗೆ ತಿರುಗುತ್ತವೆ.

ಭದ್ರತೆಯ ಜಗಳದ ನಡುವೆಯೂ ನಿಲ್ಲದ ಒಂದು ಸಹಕಾರವನ್ನು ತರಗತಿಯಲ್ಲಿ ಹೇಳಿ. 1970ರ ನವೆಂಬರ್‌ನಲ್ಲಿ ಅಂದಿನ ಪೂರ್ವ ಪಾಕಿಸ್ತಾನಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಲಕ್ಷಾಂತರ ಜನ ಸತ್ತರು. ಅದರ ಬೆನ್ನಲ್ಲಿ, 1972ರಲ್ಲಿ, ವಿಶ್ವ ಹವಾಮಾನ ಸಂಸ್ಥೆಯ ಆಶ್ರಯದಲ್ಲಿ ಈ ಭಾಗದ ದೇಶಗಳ ಚಂಡಮಾರುತ ಸಮಿತಿ ರಚನೆಯಾಯಿತು. ಇಂದಿಗೂ ದೆಹಲಿಯ ಹವಾಮಾನ ಕೇಂದ್ರ ಕೊಡುವ ಮುನ್ಸೂಚನೆ ಢಾಕಾ, ಕರಾಚಿ, ಯಾಂಗೋನ್‌ಗಳಿಗೂ ಹೋಗುತ್ತದೆ. ಹದಿಮೂರು ದೇಶಗಳು ಕೊಟ್ಟ ಹೆಸರುಗಳನ್ನು ಸರದಿಯಂತೆ ಇಡುತ್ತಾರೆ. 2024ರ ಆಗಸ್ಟ್ ಕೊನೆಯಲ್ಲಿ ಕಛ್ ಕರಾವಳಿಯ ಬಳಿ ಎದ್ದ ‘ಅಸ್ನಾ’ ಪಾಕಿಸ್ತಾನ ಕೊಟ್ಟ ಹೆಸರು. ವಿದ್ಯುತ್ತಿನಲ್ಲಿಯೂ ಇಂಥದೊಂದು ಸಣ್ಣ ಆರಂಭವಾಗಿದೆ. 2024ರ ಅಕ್ಟೋಬರ್‌ನ ತ್ರಿಪಕ್ಷೀಯ ಒಪ್ಪಂದದಂತೆ ನೇಪಾಳದ ಜಲವಿದ್ಯುತ್ತು ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶಕ್ಕೆ ಹೋಗುತ್ತಿದೆ. ಕೇವಲ 40 ಮೆಗಾವಾಟ್. ಢಾಕಾದಲ್ಲಿ ಸರ್ಕಾರ ಬದಲಾದ ಮೇಲೆಯೇ ಸಹಿಯಾಗಿ, ದೆಹಲಿ–ಢಾಕಾ ಸಂಬಂಧ ಹದಗೆಟ್ಟಿದ್ದ 2025ರ ಮಳೆಗಾಲದಲ್ಲಿ ಅದು ಹರಿಯಿತು ಎಂಬುದನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ.

ಪಕ್ಕದ ಹಾಸನದ ಇಸ್ರೊ ನಿಯಂತ್ರಣ ಕೇಂದ್ರದ ಹೆಸರನ್ನೂ ಮಕ್ಕಳಿಗೆ ಹೇಳಬಹುದು. 2017ರ ಮೇ 5ರಂದು ನೆರೆಯ ದೇಶಗಳಿಗಾಗಿ ಭಾರತ ತನ್ನ ಖರ್ಚಿನಲ್ಲಿ ಹಾರಿಸಿದ ದಕ್ಷಿಣ ಏಷ್ಯಾ ಉಪಗ್ರಹ ಕಕ್ಷೆ ಸೇರಿದ್ದು ಅಲ್ಲಿನವರ ಕೈಯಲ್ಲಿ. ಪಾಕಿಸ್ತಾನ ಅದರಿಂದ ಹೊರಗುಳಿಯಿತು, ಉಳಿದವರು ಬಳಸಿಕೊಂಡರು.


ಪ್ರತಿಕ್ರಿಯೆ: ಮಂಡ್ಯದ ಉಪನ್ಯಾಸಕಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸಾರ್ಕ್ ಪಾಠವನ್ನು ಈ ಬಾರಿ ಸಂಘಟನೆಯ ಸಭೆಗಳಿಂದ ಆರಂಭಿಸದೆ ನದಿ, ತಂತಿ, ಬಂದರುಗಳಿಂದ ಆರಂಭಿಸುತ್ತೇನೆ. ಎಂಜಿನಿಯರ್ ಸರ್ ಬರೆದ 50,000 ಕ್ಯುಸೆಕ್‌ಗಿಂತ ಕೆಳಗಿನ ಪ್ರಸಂಗವನ್ನು ತರಗತಿಯಲ್ಲಿ ಮಾತುಕತೆಯ ರೂಪದಲ್ಲಿ ನಡೆಸಿದರೆ ಹೇಗೆ? ಒಂದು ಗುಂಪು ದೆಹಲಿಯ ಪರ, ಇನ್ನೊಂದು ಢಾಕಾದ ಪರ ಕುಳಿತು ಹೊಸ ಒಪ್ಪಂದದ ಆ ಒಂದು ಕಲಮನ್ನು ಬರೆಯಬೇಕು.


ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್, ಮದ್ದೂರು

ಖಂಡಿತ ಮಾಡಿ ಮೇಡಂ. ಹರಿವು 48,000 ಕ್ಯುಸೆಕ್ ಎಂದಿಟ್ಟುಕೊಳ್ಳಿ, ದಿನಾಂಕ ಏಪ್ರಿಲ್ ಮೊದಲ ವಾರ ಎಂದಿಟ್ಟುಕೊಳ್ಳಿ. ಅರ್ಧರ್ಧ ಮಾಡಿದರೆ ತಲಾ 24,000. ಒಬ್ಬರಿಗೆ 35,000 ಖಾತ್ರಿ ಎಂದರೆ ಇನ್ನೊಬ್ಬರಿಗೆ ಉಳಿಯುವುದು 13,000. ಎರಡೇ ಗುಂಪು ಸಾಲದು. ಕೋಲ್ಕತ್ತ ಬಂದರಿನ ಪರವಾಗಿ ಪಶ್ಚಿಮ ಬಂಗಾಳವನ್ನು ಪ್ರತ್ಯೇಕವಾಗಿ ಕೂರಿಸಿ. ಬಿಹಾರಕ್ಕೂ ಒಂದು ಕುರ್ಚಿ ಹಾಕಿ. ಫರಕ್ಕಾದಿಂದಾಗಿ ನದಿಯಲ್ಲಿ ಹೂಳು ತುಂಬಿ ತನ್ನಲ್ಲಿ ಪ್ರವಾಹ ಹೆಚ್ಚಾಗಿದೆ ಎಂದು ಆ ರಾಜ್ಯ ಬಹುಕಾಲದಿಂದ ಹೇಳುತ್ತಿದೆ. ಕೆಆರ್‌ಎಸ್ ನೀರಿಗಾಗಿ ರಸ್ತೆಗಿಳಿದ ಮನೆಗಳ ಮಕ್ಕಳಿದ್ದರೆ ಅವರನ್ನು ಢಾಕಾದ ಗುಂಪಿಗೆ ಹಾಕಿ, ಕೆಳಗಿನವರ ಪರವಾಗಿ ವಾದಿಸಲಿ. ಅವರು ಬರೆದ ಕಲಮನ್ನು ದಯವಿಟ್ಟು ಇಲ್ಲಿ ಹಾಕಿ. ನಾನು ಲೆಕ್ಕ ನೋಡಿ ತಿಳಿಸುತ್ತೇನೆ.